ಕಣ್ಣೊಳಗಿನ ಪ್ರೋಟೀನು: ಪತ್ತೆಯೋ, ಗುರುತೋ?

ಗೆಳೆಯರೇ,

ಕಣ್ಣೊಳಗಿನ ದ್ರವದಲ್ಲಿ ಯಾವ ಯಾವ ಪ್ರೋಟೀನುಗಳಿವೆ ಎಂದು ತಿಳಿಯುವ ಬಗೆಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಪದ ಸಿಗದೆ ಒದ್ದಾಡುತ್ತಿದ್ದೇನೆ.

ಮೊದಲ ತೊಡಕು ದ್ರವದ್ದೇ. ಸುಮ್ನೆ ‘ಕಣ್ಣಿನ ನೀರು’ ಎಂದರೆ ಎಲ್ಲರೂ ಕಣ್ಣೀರು ಎಂದೇ ತಿಳಿಯುತ್ತಾರೆ. ಅದು ಹೊರಗಿನದು. ಲೈಸೋಜೈಮ್, ಲ್ಯಾಕ್ಟೊಫೆರಿನ್ ಎಂಬ ಪ್ರೋಟೀನುಗಳು ಜಾಸ್ತಿ ಇರುವುದು ಅದರಲ್ಲಿ. ನನಗೆ ಬೇಕಾದದ್ದು ಒಳಗಿನವು. ಕಣ್ಣಿನ ಮುಂದಿನ ಪಾರದರ್ಶಕ ಪದರವಾದ ಕಾರ್ನಿಯಾಕ್ಕೂ ಮಸೂರಕ್ಕೂ ನಡುವಿನದು ನಿಜಕ್ಕೂ ನೀರಿನಷ್ಟೇ ತೆಳು. ನಿಮಿಷಕ್ಕೆ 2–3 ಮೈಕ್ರೋಲೀಟರ್‌ನಂತೆ ಒಸರುತ್ತಲೇ ಇರುತ್ತದೆ. ಅದಕ್ಕೆ ‘ಒಳಗಣ್ಣ ನೀರು’ ಎಂದು ಬರೆದು ನೋಡಿದೆ. ಅಧ್ಯಾತ್ಮ ಆಗಿಬಿಟ್ಟಿತು! ಸದ್ಯಕ್ಕೆ ‘ಜಲರಸ’ ಎಂದು ಇಟ್ಟುಕೊಂಡಿದ್ದೇನೆ.

ಮಸೂರದ ಹಿಂದಿನದು ಬೇರೆಯೇ. ಸುಮಾರು 4 ಮಿಲಿಲೀಟರ್, ಮೊಟ್ಟೆಯ ಬಿಳಿಯ ಹಾಗೆ. ಅದರಲ್ಲಿ 98–99% ನೀರೇ, ಆದರೂ ಕೊಲಾಜನ್ ಎಳೆಗಳೂ ಹೈಲುರಾನಿಕ್ ಆಮ್ಲವೂ ಸೇರಿ ಹರಿಯದಂತೆ ಹಿಡಿದಿಡುತ್ತವೆ. ಲ್ಯಾಟಿನ್ ಮೂಲದ ‘ವಿಟ್ರಿಯಸ್’ ಎಂಬ ಅದರ ಹೆಸರಿನಲ್ಲಿ ಗಾಜು ಇದೆ, ಹಾಗಾಗಿ ನನ್ನ ಓಟು ‘ಗಾಜುಲೋಳೆ’ಗೆ. ಲೋಳೆ ಎಂದರೆ ಮೂಗು ಸೋರುವುದು ನೆನಪಾಗುತ್ತದೆ ಎನ್ನುವವರು ಬೇರೆ ಪದ ಕೊಡಿ.

‘ಸಸಾರಜನಕ’ ಬಿಟ್ಟು ‘ಪ್ರೋಟೀನ್’ ಹಿಡಿದದ್ದಕ್ಕೆ ಕಾರಣವಿದೆ. ಹಿಂದೊಮ್ಮೆ ನನ್ನ ಬರಹದಲ್ಲಿ ಕರಡು ತಿದ್ದಿದವರು ‘ಸ’ ಎರಡು ಸಲ ಬಿದ್ದಿದೆ ಎಂದುಕೊಂಡು ಒಂದನ್ನು ತೆಗೆದಿದ್ದರು. ಪ್ರೋಟೀನೆಲ್ಲ ನೈಟ್ರೋಜನ್ ಆಗಿ ಅಚ್ಚಾಯಿತು. ಒಂದಕ್ಷರವನ್ನು ಸಸಾರ ಮಾಡಿದರೆ ಹೀಗೇ.

ಈಗ ನನ್ನ ಮುಖ್ಯ ಪ್ರಶ್ನೆ. ‘ಪ್ರೋಟೀನ್ ಪತ್ತೆ ಹಚ್ಚಿದರು’ ಎನ್ನಬೇಕೋ, ‘ಗುರುತಿಸಿದರು’ ಎನ್ನಬೇಕೋ? ಕೆಲಸ ನಡೆಯುವುದು ಹೀಗೆ: ಟ್ರಿಪ್ಸಿನ್ ಎಂಬ ಕಿಣ್ವ ಪ್ರೋಟೀನನ್ನು ತುಂಡು ಮಾಡುತ್ತದೆ. ಕತ್ತರಿಸುವುದು ಎಲ್ಲೆಂದರಲ್ಲಿ ಅಲ್ಲ, ಲೈಸಿನ್ ಇಲ್ಲವೇ ಆರ್ಜಿನಿನ್ ಎಂಬ ಅಮೈನೋ ಆಮ್ಲ ಆದಮೇಲೆ. ಮಾಸ್ ಸ್ಪೆಕ್ಟ್ರೋಮೀಟರ್ ಆ ತುಂಡುಗಳನ್ನು ಒಂದು ಥರ ತೂಗುತ್ತದೆ, ಇನ್ನೂ ಒಡೆದು ಮತ್ತೆ ತೂಗುತ್ತದೆ. ಬಂದ ತೂಕಗಳನ್ನು, ಮೊದಲೇ ಗೊತ್ತಿರುವ ಪ್ರೋಟೀನುಗಳ ಪಟ್ಟಿಗೆ ಕಂಪ್ಯೂಟರ್ ಹೋಲಿಸುತ್ತದೆ. ಹೊಂದಿದರೆ, ಇದು ಆಲ್ಬುಮಿನ್, ಇದು ಟ್ರಾನ್ಸ್‌ಫೆರಿನ್ ಎಂದು ಹೇಳುತ್ತದೆ.

ಇಲ್ಲಿ ಎರಡು ಹಂತ ಇವೆ, ಅಲ್ವಾ? ಏನೋ ಒಂದು ಇದೆ ಎಂದು ಕಾಣುವುದು ಒಂದು. ಅದು ಇಂಥದ್ದೇ ಎನ್ನುವುದು ಇನ್ನೊಂದು. ಪಟ್ಟಿಯಲ್ಲಿ ಇಲ್ಲದ್ದು ಬಂದರೆ ತೂಕ ಮೂಡುತ್ತದೆ, ಹೆಸರು ಸಿಗುವುದಿಲ್ಲ. ದಾರಿಯಲ್ಲಿ ಎದುರಾದವರು ಮುಖ ನೋಡಿ ‘ಗುರುತು ಸಿಗ್ಲಿಲ್ಲ’ ಎನ್ನುತ್ತಾರಲ್ಲ, ಥೇಟ್ ಹಾಗೆ. ಅದಕ್ಕೇ ಮೊದಲನೆಯದಕ್ಕೆ ‘ಪತ್ತೆ’, ಎರಡನೆಯದಕ್ಕೆ ‘ಗುರುತು ಹಿಡಿ’ ಸರಿ ಎಂದು ನನಗನ್ನಿಸುತ್ತದೆ. ಕಳ್ಳ ಮನೆಗೆ ನುಗ್ಗಿದ್ದು ಪತ್ತೆಯಾಗಬಹುದು, ಗುರುತು ಹಿಡಿಯಲು ಮಾತ್ರ ಮೊದಲು ನೋಡಿದವರೇ ಬೇಕು.

ತಲೆಬರಹಕ್ಕೆ ನಾಮಪದವೊಂದು ಬೇಕಾಗಿದೆ. ‘ಗುರುತಿಸುವಿಕೆ’ ನಾಲಿಗೆಗೆ ತೊಡರುತ್ತದೆ. ‘ಗುರುತುಹಿಡಿತ’ ಎಂದು ಯಾರಾದರೂ ಬಳಸಿದ್ದೀರಾ?