ರಾತ್ರಿ ಹೊತ್ತು ಪೊಲೀಸ್ ಗಾಡಿ ನಿಲ್ಲಿಸಿದ್ರೆ ನೀವೆಲ್ಲ ಏನ್ ಮಾಡ್ತೀರಾ? ಅನುಭವ ಇದ್ದೋರು ಹೇಳಿ

ಹೊಸ ಲೈಸೆನ್ಸ್

ಎಲ್ರಿಗೂ ನಮಸ್ಕಾರ. ಲೈಸೆನ್ಸ್ ಬಂದು ಜಾಸ್ತಿ ದಿನ ಆಗಿಲ್ಲ, ಓಡ್ಸೋದು ಕೈಗೆ ಹತ್ತಿದೆ, ಆದ್ರೆ ಮೊನ್ನೆ ರಾತ್ರಿ ಹೈವೇಲಿ ಒಬ್ಳೇ ಬರ್ತಿದ್ದಾಗ ಹಿಂದೆ ಪೊಲೀಸ್ ಗಾಡಿ ಬಂದು ಲೈಟ್ ಹಾಕಿ ನಿಲ್ಸಿ ಅಂದ್ರು, ಅಷ್ಟಕ್ಕೇ ಬಾಯೆಲ್ಲ ಒಣಗಿಹೋಯ್ತು. ಕುಡಿದಿಲ್ಲ, ಸ್ಪೀಡ್ ಇಲ್ಲ, ಪೇಪರ್ಸ್ ಎಲ್ಲ ಸರಿಯಾಗೇ ಇದೆ, ಆದ್ರೂ ಕೈ ನಡುಗ್ತಿತ್ತು. ಅವ್ರು ಟಾರ್ಚ್ ಬಿಟ್ಟು ಲೈಸೆನ್ಸ್ ಕೇಳಿದ್ರು, ಬ್ಯಾಗು ಹಿಂದಿನ ಸೀಟಲ್ಲಿತ್ತು, ನಾನು ತಟ್ಟಂತ ತಿರುಗಿ ಕೈ ಹಾಕಿದ್ದೇ ತಡ, ಆತ ಒಂದ್ ಹೆಜ್ಜೆ ಹಿಂದೆ ಸರಿದು ಕೈ ಕಾಣೋ ಹಾಗೆ ಇಡಿ ಅಂತ ಜೋರಾಗಿ ಅಂದ್ರು. ಆಮೇಲೆ ಲೈಸೆನ್ಸ್ ನೋಡಿ, ರೊಟೀನ್ ಚೆಕ್ ಹೋಗಿ ಅಂತ ಬಿಟ್ರು. ಬೈದಿಲ್ಲ, ದುಡ್ಡು ಕೇಳಿಲ್ಲ, ಏನೂ ಇಲ್ಲ. ಆದ್ರೆ ಆ ಜೋರು ದನಿ ಇನ್ನೂ ಕಿವೀಲಿದೆ.

ಇಂಥ ಟೈಮಲ್ಲಿ ಇಳೀಬೇಕಾ, ಒಳಗೇ ಕೂತಿರ್ಬೇಕಾ, ಇಂಜಿನ್ ಆಫ್ ಮಾಡ್ಬೇಕಾ, ಡ್ರೈವಿಂಗ್ ಸ್ಕೂಲಲ್ಲಿ ಯಾರೂ ಹೇಳ್ಕೊಟ್ಟಿಲ್ಲ. ಜನಾನೇ ಇಲ್ದಿರೋ ಜಾಗದಲ್ಲಿ ನಿಲ್ಸು ಅಂದ್ರೆ ನಿಲ್ಸಲೇಬೇಕಾ? ನಿಮಗೆ ಆಗಿದ್ದು, ನೀವು ಮಾಡಿದ್ದು ಹೇಳಿ ಪ್ಲೀಸ್.

ಲಾಂಗ್ ರೂಟ್

ಮೇಡಂ ಮೊದ್ಲು ಒಂದ್ ಮಾತು, ಭಯ ಆಗಿದ್ದು ಸಹಜ, ನಾನು ವರ್ಷಾನುಗಟ್ಲೆ ರಾತ್ರಿ ಲಾರಿ ಓಡ್ಸಿದೀನಿ, ಈಗ್ಲೂ ಕನ್ನಡೀಲಿ ಆ ಲೈಟ್ ಕಂಡ್ರೆ ಎದೆ ಧಸಕ್ ಅನ್ನುತ್ತೆ. ನಾನು ಮಾಡೋದು ಹೇಳ್ತೀನಿ. ಲೈಟ್ ಕಂಡ ತಕ್ಷಣ ಬ್ರೇಕ್ ಒತ್ತಬೇಡಿ, ಮೊದ್ಲು ಇಂಡಿಕೇಟರ್ ಹಾಕಿ, ಅಲ್ಲಿಗೇ ಹಿಂದಿನವ್ರಿಗೆ ಇವ್ರು ನೋಡಿದಾರೆ, ಓಡೋಗಲ್ಲ ಅಂತ ಗೊತ್ತಾಗುತ್ತೆ, ಆಮೇಲೆ ನಿಧಾನ ಮಾಡ್ತಾ ರಸ್ತೆ ಬಿಟ್ಟು ಆದಷ್ಟು ಪಕ್ಕಕ್ಕೆ ಹೋಗಿ. ತಿರುವಲ್ಲಿ, ಬ್ರಿಡ್ಜ್ ಮೇಲೆ ನಿಲ್ಸಬೇಡಿ, ಹಿಂದಿನಿಂದ ಬರೋನಿಗೆ ಕಾಣಲ್ಲ, ಸ್ವಲ್ಪ ಮುಂದೆ ಹೋಗಿ ನಿಲ್ಸಿದ್ರೆ ಯಾರೂ ಬೇಜಾರ್ ಮಾಡ್ಕೊಳಲ್ಲ. ನಿಂತ ಮೇಲೆ ಇಂಜಿನ್ ಆಫ್, ಒಳಗಿನ ಲೈಟ್ ಆನ್, ಗ್ಲಾಸ್ ಇಳ್ಸಿ, ಎರಡೂ ಕೈ ಸ್ಟೇರಿಂಗ್ ಮೇಲೆ.

ಈ ಒಳಗಿನ ಲೈಟ್ ವಿಷ್ಯ ಯಾರೂ ಹೇಳಲ್ಲ, ನನ್ನ ಲೆಕ್ಕದಲ್ಲಿ ಅದೇ ಎಲ್ಲಕ್ಕಿಂತ ಮುಖ್ಯ. ಲಾರಿ ಕ್ಯಾಬಿನ್ ಎತ್ತರ, ಕೆಳಗೆ ನಿಂತೋನಿಗೆ ಒಳಗೆ ಒಬ್ರಿದಾರೋ ನಾಲ್ಕು ಜನ ಇದಾರೋ ಕೈಯಲ್ಲಿ ಏನಿದೆಯೋ ಒಂದೂ ಕಾಣ್ಸಲ್ಲ. ಲೈಟ್ ಹಾಕಿದ್ರೆ ಅವ್ರ ದನಿ ಅಲ್ಲೇ ಅರ್ಧ ತಗ್ಗುತ್ತೆ, ಇದನ್ನ ಎಷ್ಟು ಸಲ ನೋಡಿದೀನೋ. ಪೇಪರ್ ತೆಗೆಯೋಕ್ ಮುಂಚೆ ಬಾಯಲ್ಲಿ ಹೇಳಿ, ಸಾರ್ ಲೈಸೆನ್ಸ್ ಹಿಂದಿನ ಬ್ಯಾಗಲ್ಲಿದೆ ತೆಗೀಲಾ ಅಂತ. ಅವ್ರು ಹೂಂ ಅಂದ್ಮೇಲೆ ಕೈ ಹಾಕಿ. ಕೆಳಗೆ ಇಳಿಯೋ ವಿಷ್ಯ ಒಂದೊಂದ್ ಕಡೆ ಒಂದೊಂದ್ ಥರ, ಹಾಗಾಗಿ ಇಳಿ ಅನ್ನೋವರ್ಗೂ ನಾನಂತೂ ಕೂತೇ ಇರ್ತೀನಿ.

ಪೊಲೀಸ್ ಮನೆ ಮಗಳು

ನಮ್ಮಪ್ಪ ಹೈವೇ ಡ್ಯೂಟೀಲೇ ರಿಟೈರ್ ಆದೋರು, ಹಾಗಾಗಿ ಆ ಕಡೆ ಮಾತೂ ಇಲ್ಲಿ ಬರ್ಲಿ ಅಂತ ಬರೀತಿದೀನಿ. ನಿಮಗೆ ಅವ್ರು ಯಾರೋ ಗೊತ್ತಿಲ್ಲ ಅನ್ನೋ ಭಯ ಇದ್ದ ಹಾಗೆ ಅವ್ರಿಗೂ ಒಳಗಿರೋರು ಯಾರೋ ಗೊತ್ತಿರಲ್ಲ, ಸುಮ್ನೆ ಆಫೀಸಿಂದ ಮನೆಗೆ ಹೋಗ್ತಿರೋ ಹುಡುಗೀನಾ ಅಥವಾ ಗಾಡಿ ಕದ್ಕೊಂಡು ಓಡ್ತಿರೋನಾ ಅಂತ ಗ್ಲಾಸ್ ಇಳಿಯೋವರ್ಗೂ ಅವ್ರಿಗೆ ತಿಳಿಯಲ್ಲ. ಅಕ್ಕ, ನೀವು ಹಿಂದಿನ ಸೀಟಿಗೆ ಕೈ ಹಾಕಿದಾಗ ಆತ ಹಿಂದೆ ಸರಿದ್ರಲ್ಲ, ಅದು ನಿಮ್ಮ ಮೇಲಿನ ಕೋಪ ಅಲ್ಲ, ಕೈ ಎಲ್ಲಿದೆ ನೋಡು ಅಂತ ಟ್ರೈನಿಂಗಲ್ಲೇ ಹೇಳ್ಕೊಟ್ಟಿರ್ತಾರೆ.

ಗಮನಿಸಿ ನೋಡಿ, ತುಂಬಾ ಜನ ಪೊಲೀಸರು ಡ್ರೈವರ್ ಕಿಟಕಿಗೆ ನೇರ ಬಂದು ನಿಲ್ಲಲ್ಲ, ಸ್ವಲ್ಪ ಹಿಂದೆ, ಮುಂದಿನ ಹಿಂದಿನ ಬಾಗಿಲುಗಳ ನಡುವಿನ ಕಂಬದ ಹತ್ರ ನಿಲ್ತಾರೆ, ನೀವೇ ಕತ್ತು ತಿರುಗ್ಸಿ ಮಾತಾಡ್ಬೇಕು. ಬಾಗಿಲು ದಢಾರ್ ಅಂತ ತೆಗೆದ್ರೂ ಏಟು ಬೀಳ್ಬಾರ್ದು ಅಂತ. ಅವ್ರ ಗಾಡೀನೂ ನಿಮ್ಮ ಗಾಡಿ ಹಿಂದೆ ನೇರ ನಿಲ್ಸಲ್ಲ, ಒಂದ್ ಸ್ವಲ್ಪ ರಸ್ತೆ ಕಡೆಗೆ ಸರ್ಸಿ ನಿಲ್ಸ್ತಾರೆ, ಹಿಂದಿನಿಂದ ಯಾರಾದ್ರೂ ಗುದ್ದಿದ್ರೆ ಮೊದ್ಲು ಆ ಗಾಡಿಗೆ ತಾಗ್ಲಿ, ನಡುವೆ ನಿಂತ ಮನುಷ್ಯ ಉಳೀಲಿ ಅಂತ. ಅಪ್ಪನಿಗೆ ಗಾಡಿ ಒಳಗಿರೋರಿಗಿಂತ ಪಕ್ಕದಲ್ಲಿ ಹಾದು ಹೋಗೋ ಗಾಡಿಗಳ ಭಯಾನೇ ಜಾಸ್ತಿ ಇತ್ತು. ಅಮೆರಿಕದ 50 ರಾಜ್ಯಗಳಲ್ಲೂ ಮೂವ್ ಓವರ್ ಅಂತ ಕಾನೂನಿದೆ, ಪಕ್ಕದಲ್ಲಿ ಪೊಲೀಸ್ ಗಾಡಿ ಲೈಟ್ ಹಾಕ್ಕೊಂಡು ನಿಂತಿದ್ರೆ ಹಾದು ಹೋಗೋರು ಒಂದು ಲೇನ್ ಬಿಟ್ಟು ಹೋಗ್ಬೇಕು, ಆಗದಿದ್ರೆ ಸ್ಪೀಡ್ ಇಳಿಸ್ಬೇಕು. ಕಾನೂನು ಇರ್ಲಿ ಬಿಡ್ಲಿ, ದಯವಿಟ್ಟು ಎಲ್ರೂ ಇದನ್ನ ಮಾಡಿ. ಡ್ಯೂಟಿ ಮುಗ್ಸಿ ಅಪ್ಪ ಬರೋವರ್ಗೂ ಅಮ್ಮ ಮಲಗ್ತಾ ಇರ್ಲಿಲ್ಲ.

ಹಳೇ ಗಾಡಿ

ಇಷ್ಟೆಲ್ಲ ವಿನಯ ನಾವೇ ಯಾಕೆ ತೋರಿಸ್ಬೇಕು ಅಂತ ನನ್ನ ಪ್ರಶ್ನೆ. ನನ್ನದು ಹಳೇ ಗಾಡಿ, ಬಣ್ಣ ಹೋಗಿದೆ, ಒಂದೇ ರಸ್ತೆಲಿ ನಾಲ್ಕು ಹೊಸ ಕಾರು ಹೋಗಿದ್ರೂ ಬಿಟ್ಟು ನನ್ನನ್ನೇ ಕೈ ತೋರ್ಸಿ ನಿಲ್ಲಿಸ್ತಾರೆ. ಎಲ್ಲಿಗೆ ಹೋಗ್ತಿದೀಯ, ಗಾಡಿ ಯಾರ್ದು, ಏಕವಚನದಲ್ಲೇ ಮಾತು. ಪೇಪರ್ ಸರಿ ಇದೆ ಅಂತ ಗೊತ್ತಾದ್ಮೇಲೂ ಡಿಕ್ಕಿ ತೆಗಿ ಅಂತಾರೆ. ಮಗ ಪಕ್ಕದಲ್ಲೇ ಕೂತಿರ್ತಾನೆ, ಅಪ್ಪ ನೀನೇನ್ ಮಾಡ್ದೆ ಅಂತ ಕೇಳ್ತಾನೆ, ಏನ್ ಹೇಳ್ಲಿ? ಪೊಲೀಸರ ಭಯ ನನಗೆ ಅರ್ಥ ಆಗುತ್ತೆ ತಂಗಿ, ನಿಮ್ಮಪ್ಪನ ಬಗ್ಗೆ ಗೌರವಾನೂ ಇದೆ, ಆದ್ರೆ ತಪ್ಪೇ ಮಾಡ್ದೆ ಅನುಮಾನಕ್ಕೆ ಗುರಿ ಆಗೋದು ಎಷ್ಟು ನೋವು ಅಂತ ನಿಲ್ಲಿಸ್ಕೊಂಡೋರಿಗೇ ಗೊತ್ತು. ಕೈ ಸ್ಟೇರಿಂಗ್ ಮೇಲೆ ಇಡೋದ್ರಿಂದ ಇದು ಸರಿ ಹೋಗಲ್ಲ.

ದೇಶಾಂತರ

ಹಳೇ ಗಾಡಿ ಸಾರ್, ನಿಮ್ಮ ಮಾತು ನೂರಕ್ಕೆ ನೂರು ಸರಿ, ಅದಕ್ಕೇ ಕಾನೂನು ಎಲ್ಲಿ ಗೆರೆ ಎಳೆದಿದೆ ಅಂತ ತಿಳ್ಕೊಂಡಿರ್ಬೇಕು ಅಂತ ನನಗೆ ಅನ್ಸುತ್ತೆ. ನಾನು ಕೆಲಸದ ಮೇಲೆ ಬೇರೆ ಬೇರೆ ದೇಶದಲ್ಲಿ ಓಡ್ಸಿದೀನಿ, ಒಂದ್ ಕಡೆಯ ರೂಢಿ ಇನ್ನೊಂದ್ ಕಡೆ ತಲೆಕೆಳಗು. ಅಮೆರಿಕದಲ್ಲಿ ಪೊಲೀಸ್ ಗಾಡಿ ನಿಮ್ಮ ಹಿಂದೆಯೇ ಬರುತ್ತೆ, ಜರ್ಮನೀಲಿ ಎಷ್ಟೋ ಸಲ ಓವರ್‌ಟೇಕ್ ಮಾಡಿ ಮುಂದೆ ಬಂದು, ಹಿಂಬದಿಯ ಬೋರ್ಡಲ್ಲಿ ನನ್ನ ಹಿಂದೆ ಬನ್ನಿ ಅಂತ ಬೆಳಕಿನ ಅಕ್ಷರದಲ್ಲಿ ತೋರಿಸ್ತಾರೆ, ಸುರಕ್ಷಿತ ಜಾಗಕ್ಕೆ ಅವ್ರೇ ಕರ್ಕೊಂಡು ಹೋಗ್ತಾರೆ. ಮೊದಲ ಸಲ ಇದನ್ನ ನೋಡಿದೋರಿಗೆ ಗಾಬರಿ ಆಗೋದು ಗ್ಯಾರಂಟಿ.

ನಿಲ್ಲಿಸೋಕೆ ಕಾರಣ ಬೇಕಾ ಅನ್ನೋದು ದೊಡ್ಡ ಪ್ರಶ್ನೆ. ಅಮೆರಿಕದ ಸುಪ್ರೀಂ ಕೋರ್ಟ್ 1979ರಲ್ಲೇ ಹೇಳಿದೆ, ಅನುಮಾನಕ್ಕೆ ಆಧಾರ ಇಲ್ದೆ ಬರೀ ಲೈಸೆನ್ಸ್ ನೋಡೋಕೆ ಅಂತ ತಮಗೆ ತೋಚಿದ ಗಾಡಿ ನಿಲ್ಲಿಸೋ ಹಾಗಿಲ್ಲ ಅಂತ. ಕುಡಿದು ಓಡಿಸೋರನ್ನ ಹಿಡಿಯೋ ಚೆಕ್‌ಪಾಯಿಂಟ್ ಬೇರೆ ಮಾತು, ಅದಕ್ಕೆ 1990ರಲ್ಲಿ ಒಪ್ಪಿಗೆ ಕೊಟ್ಟಿದೆ. ಕೆಳಗೆ ಇಳಿ ಅಂದ್ರೆ ಇಳೀಲೇಬೇಕು, ಅದು 1977ರ ತೀರ್ಪು. ಆದ್ರೆ ದಂಡದ ಚೀಟಿ ಬರೆಯೋ ಕೆಲಸ ಮುಗಿದ್ಮೇಲೆ, ಆಧಾರ ಇಲ್ದೆ ಡ್ರಗ್ಸ್ ಮೂಸೋ ನಾಯಿ ತರ್ಸೋಕೆ ಅಂತ ಕಾಯಿಸೋ ಹಾಗಿಲ್ಲ, ಇದು 2015ರದ್ದು. ಬ್ರಿಟನ್‌ನಲ್ಲಿ ಪೂರ್ತಿ ಉಲ್ಟಾ, 1988ರ ರೋಡ್ ಟ್ರಾಫಿಕ್ ಆಕ್ಟ್ 163ನೇ ಸೆಕ್ಷನ್ ಪ್ರಕಾರ ಯೂನಿಫಾರ್ಮಲ್ಲಿರೋ ಪೊಲೀಸ್ ನಿಲ್ಲಿಸು ಅಂದ್ರೆ ನಿಲ್ಲಿಸ್ಬೇಕು, ತಪ್ಪು ಮಾಡಿರ್ಲೇಬೇಕು ಅಂತಿಲ್ಲ. ಆದ್ರೆ ಪೇಪರ್ ಜೊತೆಗಿಲ್ಲ ಅಂದ್ರೆ 7 ದಿನದೊಳಗೆ ಸ್ಟೇಷನ್ನಿಗೆ ಹೋಗಿ ತೋರಿಸ್ಬಹುದು. ಭಾರತದಲ್ಲಿ ಮೋಟಾರು ವಾಹನ ಕಾಯ್ದೆ 130ನೇ ಸೆಕ್ಷನ್, ಅಲ್ಲೂ ಯೂನಿಫಾರ್ಮಲ್ಲಿರೋ ಪೊಲೀಸ್ ಕೇಳಿದ್ರೆ ಲೈಸೆನ್ಸ್ ತೋರಿಸ್ಬೇಕು. 2018ರಿಂದ ಡಿಜಿಲಾಕರ್, ಎಂಪರಿವಾಹನ್ ಒಳಗಿರೋ ಲೈಸೆನ್ಸ್, ಆರ್‌ಸಿ ಒರಿಜಿನಲ್‌ಗೆ ಸಮ. ಇದನ್ನ ಇನ್ನೂ ಎಷ್ಟೋ ಜನ ನಂಬಲ್ಲ. ಲೈಸೆನ್ಸ್ ಇಟ್ಕೊಂಡ್ರೆ 206ನೇ ಸೆಕ್ಷನ್ ಪ್ರಕಾರ ಸ್ವೀಕೃತಿ ಚೀಟಿ ಕೊಡ್ಬೇಕು, ಲೈಸೆನ್ಸ್ ವಾಪಸ್ ಬರೋವರ್ಗೂ ಇಲ್ಲಾ ಆ ಚೀಟೀಲಿ ಬರೆದ ತಾರೀಕಿನವರ್ಗೂ, ಯಾವ್ದು ಮೊದ್ಲೋ ಅಲ್ಲಿವರ್ಗೂ, ಆ ಚೀಟಿ ಮೇಲೇ ಓಡಿಸ್ಬಹುದು. ಚೀಟಿ ಕೇಳಿ ಇಸ್ಕೊಳಿ, ಕೇಳೋದು ಜಗಳ ಅಲ್ಲ.

ನಿಮ್ಮ ಹುಡುಗ ಕೇಳಿದ ಪ್ರಶ್ನೆಗೆ ಕಾನೂನಿನ ಪುಸ್ತಕದಲ್ಲಿ ಉತ್ತರ ಇಲ್ಲ ಸಾರ್, ಓದಿ ನಿಜಕ್ಕೂ ಬೇಜಾರಾಯ್ತು. ಆದ್ರೆ ರಸ್ತೆ ಪಕ್ಕ ನಿಂತು ವಾದ ಮಾಡಿ ಗೆದ್ದೋರನ್ನ ನಾನು ನೋಡಿಲ್ಲ, ಬರೆದಿಟ್ಟು ದೂರು ಕೊಟ್ಟು ಗೆದ್ದೋರನ್ನ ನೋಡಿದೀನಿ. ಟೈಮು, ಜಾಗ, ಎದೆ ಮೇಲಿನ ನೇಮ್‌ಪ್ಲೇಟು, ಅವ್ರ ಗಾಡಿ ನಂಬರು, ಬಾಡಿ ಕ್ಯಾಮೆರಾ ಇತ್ತಾ ಇಲ್ವಾ, ಇಷ್ಟನ್ನ ಅಲ್ಲಿಂದ ಹೊರಟು ಮುಂದೆ ಎಲ್ಲಾದ್ರೂ ನಿಲ್ಸಿ ಆಗ್ಲೇ ಬರ್ಕೊಳಿ, ಮನೆಗೆ ಹೋಗೋ ಅಷ್ಟರಲ್ಲಿ ಅರ್ಧ ಮರೆತಿರುತ್ತೆ. ಡ್ಯಾಶ್‌ಕ್ಯಾಮ್ ಇದ್ರೆ ಆ ಕ್ಲಿಪ್ಪು ಬೇರೆ ಕಡೆ ಸೇವ್ ಮಾಡಿ, ಇಲ್ದಿದ್ರೆ ಹೊಸ ರೆಕಾರ್ಡಿಂಗ್ ಅದ್ರ ಮೇಲೇ ಬಂದು ಕೂರುತ್ತೆ.

ಸಂಜೆಮಲ್ಲಿಗೆ

ನಿರ್ಜನ ಜಾಗದ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ನಾನು ಒಬ್ಳೇ ಇದ್ದಾಗ ಗುರುತಿನ ಬಣ್ಣ, ಬೋರ್ಡ್ ಇಲ್ಲದ ಗಾಡಿ ಹಿಂದೆ ಬಂದು ಲೈಟ್ ಹಾಕಿದ್ರು. ಹಜಾರ್ಡ್ ಲೈಟ್ ಹಾಕಿದೆ, ಸ್ಪೀಡ್ ಪೂರ್ತಿ ಇಳಿಸಿದೆ, ಸ್ಪೀಕರಲ್ಲಿ ಎಮರ್ಜೆನ್ಸಿ ನಂಬರ್‌ಗೆ ಫೋನ್ ಮಾಡಿ ನನ್ನ ಹಿಂದೆ ಒಂದ್ ಗಾಡಿ ಇದೆ, ನಿಮ್ಮವ್ರೇನಾ, ನಾನು ಓಡ್ತಾ ಇಲ್ಲ, ಮುಂದಿನ ಪೆಟ್ರೋಲ್ ಬಂಕಲ್ಲಿ ನಿಲ್ಲಿಸ್ತೀನಿ ಅಂತ ಹೇಳ್ದೆ. ಕಂಟ್ರೋಲ್ ರೂಮವ್ರು ವಿಚಾರಿಸಿ ಹೌದು ನಮ್ಮವ್ರೇ ಅಂದ್ರು. ಬಂಕಲ್ಲಿ ನಿಲ್ಸಿ ಬಾಗಿಲು ಲಾಕ್ ಇಟ್ಟೇ ಮಾತು ಕೇಳ್ಸೋ ಅಷ್ಟು ಗ್ಲಾಸ್ ಇಳಿಸ್ದೆ, ಐಡಿ ತೋರ್ಸಿ ಅಂದೆ, ತೋರಿಸಿದ್ರು. ಯಾಕೆ ಅಲ್ಲೇ ನಿಲ್ಲಿಸ್ಲಿಲ್ಲ ಅಂದ್ರು, ಕಾರಣ ಹೇಳ್ದೆ, ತಲೆ ಆಡಿಸಿದ್ರು ಅಷ್ಟೇ. ಭಾರತ ಮತ್ತೆ ಯುರೋಪಲ್ಲಿ 112, ಅಮೆರಿಕದಲ್ಲಿ 911, ಬ್ರಿಟನ್‌ನಲ್ಲಿ 999. ಸ್ಪೀಡ್ ಇಳಿಸ್ದೆ ಹೋದ್ರೆ ಮಾತ್ರ ಓಡಿ ಹೋಗ್ತಿದಾರೆ ಅನ್ಕೋತಾರೆ, ಅದೊಂದು ನೆನಪಿರ್ಲಿ.

ಮೀಟರ್

ಸ್ಪೀಡ್ ಗನ್ನು, ಊದೋ ಮಷೀನು ಬಗ್ಗೆ ಸ್ವಲ್ಪ, ನನ್ನ ಕೆಲಸ ಅಳತೆ ಉಪಕರಣಗಳದ್ದೇ. ರೇಡಾರ್ ಗನ್ ಕೆಲಸ ಮಾಡೋದು ಡಾಪ್ಲರ್ ಪರಿಣಾಮದ ಮೇಲೆ, ಅಲೆ ಗಾಡಿಗೆ ಬಡಿದು ವಾಪಸ್ ಬರುವಾಗ ಅದರ ಆವರ್ತನ ಬದಲಾಗಿರುತ್ತೆ, ಎಷ್ಟು ಬದಲಾಯ್ತು ಅನ್ನೋದ್ರಿಂದ ಸ್ಪೀಡ್ ಗೊತ್ತಾಗುತ್ತೆ. ಗನ್ ಹಿಡಿದೋರು ರಸ್ತೆ ಪಕ್ಕ ನಿಂತಿರ್ತಾರೆ, ಗಾಡಿ ಒಂದು ಕೋನದಲ್ಲಿ ಬರುತ್ತೆ, ಹಾಗಾಗಿ ನಿಜವಾದ ಸ್ಪೀಡಿಗಿಂತ ಕಮ್ಮಿ ತೋರಿಸುತ್ತೆ, ಅಂದ್ರೆ ಈ ವ್ಯತ್ಯಾಸ ಡ್ರೈವರ್ ಪರವಾಗೇ ಇರುತ್ತೆ. ಆದ್ರೆ ರೇಡಾರ್ ಕಿರಣ ಅಗಲ, ಪಕ್ಕದ ಲೇನಿನ ದೊಡ್ಡ ಲಾರಿಯ ಸ್ಪೀಡು ನಿಮ್ಮ ಲೆಕ್ಕಕ್ಕೆ ಬರೋ ಸಾಧ್ಯತೆ ಇದೆ. ಲೇಸರ್ ಗನ್ನಲ್ಲಿ ಕಿರಣ ಸಣ್ಣದು, ಯಾವ ಗಾಡಿ ಅನ್ನೋದು ಖಚಿತ. ತೋರಿಸಿದ ಸ್ಪೀಡ್ ನಿಮ್ಮದಲ್ಲ ಅನ್ಸಿದ್ರೆ ಯಾವ ಥರದ ಗನ್, ಕೊನೇ ಸಲ ಕ್ಯಾಲಿಬ್ರೇಷನ್, ಅಂದ್ರೆ ಅಳತೆ ಸರಿ ಇದೆಯಾ ಅನ್ನೋ ಪರೀಕ್ಷೆ, ಯಾವಾಗ ಆಗಿದೆ ಅನ್ನೋ ದಾಖಲೆಯನ್ನ ಕೋರ್ಟಲ್ಲಿ ಕೇಳಿ, ರಸ್ತೇಲಿ ಕೇಳಿದ್ರೆ ಅದು ಅವ್ರ ಕೈಯಲ್ಲಿರಲ್ಲ.

ಊದೋ ಮಷೀನು ಉಸಿರಲ್ಲಿರೋ ಆಲ್ಕೋಹಾಲಿಂದ ರಕ್ತದಲ್ಲಿ ಎಷ್ಟಿದೆ ಅಂತ ಅಂದಾಜು ಮಾಡುತ್ತೆ, ಸಾಮಾನ್ಯವಾಗಿ 1ಕ್ಕೆ 2100 ಅನ್ನೋ ಅನುಪಾತ ಹಿಡ್ಕೊಂಡು, ಅಂದ್ರೆ 2100 ಮಿಲಿ ಉಸಿರಲ್ಲಿರೋ ಅಷ್ಟೇ ಆಲ್ಕೋಹಾಲ್ 1 ಮಿಲಿ ರಕ್ತದಲ್ಲಿದೆ ಅನ್ನೋ ಲೆಕ್ಕ. ಆಲ್ಕೋಹಾಲ್ ಇರೋ ಮೌತ್‌ವಾಶ್ ಈಗಷ್ಟೇ ಹಾಕಿದ್ರೆ ಬಾಯಲ್ಲಿ ಉಳಿದಿದ್ದೂ ಲೆಕ್ಕಕ್ಕೆ ಬರುತ್ತೆ, ಸುಮಾರು 15 ನಿಮಿಷದಲ್ಲಿ ಅದು ಹೋಗುತ್ತೆ, ಹಾಗಾಗಿ ಕಾರಣ ಹೇಳಿ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಊದ್ತೀನಿ ಅಂತ ಕೇಳಿ. ಮಿತಿ ಎಲ್ಲ ಕಡೆ ಒಂದೇ ಅಲ್ಲ. ಭಾರತದಲ್ಲಿ 100 ಮಿಲಿ ರಕ್ತಕ್ಕೆ 30 ಮಿಲಿಗ್ರಾಂ, ಇಂಗ್ಲೆಂಡಲ್ಲಿ 80, ಸ್ಕಾಟ್ಲೆಂಡಲ್ಲಿ 2014ರಿಂದ 50. ಕುಡಿದೋರು ಮಾತ್ರ ಈ ಲೆಕ್ಕ ಹಾಕ್ತಾ ಕೂರ್ಬೇಡಿ, ಸ್ಟೇರಿಂಗ್ ಮುಟ್ಟಲೇಬೇಡಿ, ನನ್ನ ಗೆಳೆಯನನ್ನ ನಾನು ಹಾಗೇ ಕಳ್ಕೊಂಡಿದೀನಿ.

ಹೊಸ ಲೈಸೆನ್ಸ್

ಇಷ್ಟು ಜನ ಇಷ್ಟು ಬರೀತೀರ ಅಂತ ಅನ್ಕೊಂಡಿರ್ಲಿಲ್ಲ, ತುಂಬಾ ಥ್ಯಾಂಕ್ಸ್. ಲೈಸೆನ್ಸ್ ಈಗ ಬಾಗಿಲ ಪಾಕೆಟ್ಟಲ್ಲೇ ಇಟ್ಟಿದೀನಿ. ಇನ್ನೊಂದೇ ಪ್ರಶ್ನೆ, ಯಾಕೆ ನಿಲ್ಲಿಸಿದ್ವಿ ಗೊತ್ತಾ ಅಂತ ಕೇಳ್ತಾರಂತಲ್ಲ, ಅದಕ್ಕೆ ಏನ್ ಹೇಳ್ಬೇಕು? ಹಳೇ ಗಾಡಿ ಅಣ್ಣ, ನಿಮ್ಮ ಮಗನ ಮಾತು ಓದಿ ತುಂಬಾ ಹೊತ್ತು ಸುಮ್ನೆ ಕೂತಿದ್ದೆ.

ಲಾಂಗ್ ರೂಟ್

ಗೊತ್ತಿಲ್ಲ ಸಾರ್, ನೀವೇ ಹೇಳಿ ಅನ್ನಿ, ಅಷ್ಟು ಸಾಕು. ನೀವಾಗೇ ಸ್ಪೀಡ್ ಜಾಸ್ತಿ ಇತ್ತೇನೋ, ಸಿಗ್ನಲ್ ದಾಟಿದ್ನೇನೋ ಅಂತ ಊಹೆ ಮಾಡಿ ಹೇಳಿದ್ರೆ ಅದೇ ಒಪ್ಪಿಗೆ ಥರ ಬರ್ಕೊಳ್ಳೋರಿದಾರೆ. ಸುಳ್ಳೂ ಬೇಡ. ಕ್ಯಾಲಿಫೋರ್ನಿಯಾದಲ್ಲಿ 2024ರಿಂದ ಕಾನೂನೇ ಬಂದಿದೆ, ಪೊಲೀಸರು ತಪ್ಪಿನ ಬಗ್ಗೆ ಏನಾದ್ರೂ ಕೇಳೋಕ್ ಮುಂಚೆ ಯಾಕೆ ನಿಲ್ಲಿಸಿದ್ವಿ ಅಂತ ತಾವೇ ಹೇಳ್ಬೇಕು ಅಂತ. ನಿಮ್ ಕಡೆ ಅಂಥ ಕಾನೂನು ಇಲ್ದಿದ್ರೂ ಕಾರಣ ಏನು ಸಾರ್ ಅಂತ ಕೇಳ್ಬಹುದು, ನಾನು ಯಾವಾಗ್ಲೂ ಕೇಳ್ತೀನಿ, ಹೆಚ್ಚಿನೋರು ಹೇಳ್ತಾರೆ. ಇನ್ನು ಹೊರಡುವಾಗ ಗಾಬರೀಲಿ ಸೀದಾ ರಸ್ತೆಗೆ ನುಗ್ಗಬೇಡಿ, ಇಂಡಿಕೇಟರ್ ಹಾಕಿ, ಹಿಂದೆ ನೋಡಿ, ಅವ್ರು ಗಾಡಿಯಿಂದ ಪಕ್ಕಕ್ಕೆ ಸರಿದ ಮೇಲೆ ಹೊರಡಿ.