ಕನ್ನಡದಲ್ಲಿ ನಡೆಯುವ ಎ.ಎ. ಸಭೆ ಹುಡುಕುವುದು ಹೇಗೆ?

ಪ್ರಶ್ನೆ: ಅಣ್ಣ ಕುಡಿತ ಬಿಡಲು ಒಪ್ಪಿದ್ದಾನೆ. ಬೆಂಗಳೂರಿನಲ್ಲಿ ಕನ್ನಡದ ಆಲ್ಕೊಹಾಲಿಕ್ಸ್ ಅನಾನಿಮಸ್ (ಎ.ಎ., ಕುಡಿತ ಬಿಡಬಯಸುವವರು ಒಬ್ಬರಿಗೊಬ್ಬರು ನೆರವಾಗುವ ಕೂಟ) ಸಭೆ ಸಿಗುತ್ತದೆಯೇ? ಫೀಸು ಎಷ್ಟು? ನಾನೂ ಜೊತೆಗೆ ಹೋಗಬಹುದೇ?

ಉತ್ತರ 1: ಸಿಗುತ್ತದೆ. ಫೀಸಿಲ್ಲ, ಹೆಸರು ನೋಂದಣಿಯೂ ಇಲ್ಲ. ಕೊನೆಗೆ ಕಾಣಿಕೆ ಸಂಗ್ರಹಿಸಿದರೆ ಕೊಡಲೇಬೇಕೆಂದಿಲ್ಲ. ಎ.ಎ. ಸಹಾಯವಾಣಿಗೆ ಫೋನ್ ಮಾಡಿ ಮೂರು ವಿಷಯ ಕೇಳಿ: ಯಾವ ಭಾಷೆ, ಮುಕ್ತ ಸಭೆಯೋ ಮುಚ್ಚಿದ ಸಭೆಯೋ, ಈ ವಾರ ಅದೇ ಜಾಗದಲ್ಲಿ ಇದೆಯೇ. ಮೂರನೆಯದನ್ನು ಮರೆಯಬೇಡಿ. ಎಷ್ಟೋ ಗುಂಪುಗಳು ಚರ್ಚು, ಶಾಲೆಗಳ ಕೋಣೆಗಳಲ್ಲಿ ಸೇರುತ್ತವೆ. ಜಾಗ ಬದಲಾದರೂ ಹಳೆಯ ಪಟ್ಟಿಗಳು ಹಾಗೇ ಉಳಿದಿರುತ್ತವೆ. ಮುಕ್ತ ಸಭೆಗೆ ನೀವೂ ಹೋಗಬಹುದು. ಮುಚ್ಚಿದ ಸಭೆ ಕುಡಿತ ಬಿಡಬಯಸುವವರಿಗೆ ಮಾತ್ರ. ಮೊದಲ ದಿನ ಮಾತಾಡಲೇಬೇಕೆಂದಿಲ್ಲ, ಕೇಳಿಸಿಕೊಂಡರೆ ಸಾಕು.

ಉತ್ತರ 2: ಅದಕ್ಕೂ ಮೊದಲು ದಯವಿಟ್ಟು ಇದನ್ನು ಓದಿ. ದಿನವೂ ಹೆಚ್ಚು ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ 6ರಿಂದ 48 ಗಂಟೆಯೊಳಗೆ ಫಿಟ್ಸ್ ಬರಬಹುದು. 2–3ನೇ ದಿನ ಭ್ರಮೆ, ಜ್ವರ, ತೀವ್ರ ನಡುಕ ಕಾಣಿಸಿಕೊಳ್ಳಬಹುದು. ಇದು ಪ್ರಾಣಕ್ಕೇ ಅಪಾಯ. ಸಭೆಯಲ್ಲಿ ವೈದ್ಯಕೀಯ ಚಿಕಿತ್ಸೆ ಇರುವುದಿಲ್ಲ. ಬೆಳಿಗ್ಗೆ ಕೈ ನಡುಗುತ್ತಿದ್ದರೆ ಮೊದಲು ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗಕ್ಕೋ ಜಿಲ್ಲಾಸ್ಪತ್ರೆಯ ಮನೋವೈದ್ಯರಿಗೋ ತೋರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಉತ್ತರ 3: ಮನೆಯವರಿಗೆ ಅಲ್-ಅನಾನ್ ಎಂಬ ಬೇರೆ ಗುಂಪಿದೆ, ಅಣ್ಣ ಸಭೆ ತಪ್ಪಿಸಿದರೂ ನೀವು ಹೋಗಿ. ಅಣ್ಣನಿಗೆ ಒಂದು ಎ.ಎ. ಗುಂಪು ಹಿಡಿಸದಿದ್ದರೆ ಅಲ್ಲಿಗೇ ಬಿಡಬೇಡಿ, ಇನ್ನೆರಡು ಮೂರು ನೋಡಲಿ. ಸಂಜೆ ಕುಡಿಯುವ ಹೊತ್ತಿಗೇ ಬೀಳುವ ಸಭೆ ಆರಿಸಿದರೆ ಹೆಚ್ಚು ಉಪಯೋಗ.