1925ರ 'ದಿ ಗ್ರೇಟ್ ಗ್ಯಾಟ್ಸ್‌ಬಿ': ನನ್ನ ಬಳಿ ಇರುವುದು ಮೊದಲ ಮುದ್ರಣದ ಪ್ರತಿಯೇ?

ಪ್ರಶ್ನೆ

ನಾನು ನ್ಯೂಜೆರ್ಸಿಯಲ್ಲಿದ್ದೇನೆ. ಪಕ್ಕದ ಬೀದಿಯ ವೃದ್ಧರೊಬ್ಬರು ತೀರಿಕೊಂಡ ಮೇಲೆ ಅವರ ಮನೆಯವರು ಸಾಮಾನುಗಳನ್ನು ಮಾರಾಟಕ್ಕಿಟ್ಟಿದ್ದರು. ಅಲ್ಲಿ ಅಡುಗೆಪುಸ್ತಕಗಳ ಪೆಟ್ಟಿಗೆಯ ತಳದಲ್ಲಿ ಎಫ್. ಸ್ಕಾಟ್ ಫಿಟ್ಸ್‌ಜೆರಾಲ್ಡ್ ಅವರ ಈ ಕಾದಂಬರಿ ಸಿಕ್ಕಿತು. ಕಡುಹಸಿರು ಬಟ್ಟೆಯ ರಟ್ಟು, ಬೆನ್ನಿನ ಮೇಲೆ ಮಾಸಿದ ಚಿನ್ನದ ಅಕ್ಷರಗಳು, ಮೇಲುಹೊದಿಕೆ ಇಲ್ಲ. ಶೀರ್ಷಿಕೆಪುಟದಲ್ಲಿ ಚಾರ್ಲ್ಸ್ ಸ್ಕ್ರಿಬ್ನರ್ಸ್ ಸನ್ಸ್ ಎಂಬ ಪ್ರಕಾಶಕರ ಹೆಸರೂ 1925 ಎಂಬ ಇಸವಿಯೂ ಇವೆ. ಕನ್ನಡ ಪುಸ್ತಕಗಳಲ್ಲಿ ಮೊದಲ ಮುದ್ರಣ, ಎರಡನೆಯ ಮುದ್ರಣ ಎಂದು ಇಸವಿಗಳನ್ನು ಒಂದರ ಕೆಳಗೊಂದು ಕೊಟ್ಟಿರುತ್ತಾರೆ. ಇದರಲ್ಲಿ ಅಂಥದ್ದೇನೂ ಕಾಣಲಿಲ್ಲ. ಹಾಗಾದರೆ ಯಾವುದನ್ನು ನೋಡಿ ತೀರ್ಮಾನಿಸಬೇಕು? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1

ಇಸವಿಯನ್ನು ನಂಬಿ ಕೂರಬೇಡಿ. ಈ ಕಾದಂಬರಿಯ ಮೊದಲ ಮುದ್ರಣ 1925ರ ಏಪ್ರಿಲ್ 10ರಂದು ಹೊರಬಂದಾಗ ಅಚ್ಚಾದದ್ದು 20,870 ಪ್ರತಿಗಳು. ಅದೇ ವರ್ಷ ಆಗಸ್ಟ್‌ನಲ್ಲಿ ಇನ್ನೂ 3,000 ಪ್ರತಿಗಳನ್ನು ಅಚ್ಚು ಹಾಕಿದರು. ಎರಡರಲ್ಲಿಯೂ ಇರುವುದು 1925 ಎಂಬ ಇಸವಿಯೇ. ಇವನ್ನು ಬೇರ್ಪಡಿಸುವುದು ಒಳಗಿನ ಕೆಲವು ಪದಗಳು ಮಾತ್ರ, ಏಕೆಂದರೆ ಎರಡನೆಯ ಮುದ್ರಣಕ್ಕೆ ಮೊದಲು ಅವುಗಳನ್ನು ತಿದ್ದಲಾಯಿತು.

ಮೊದಲು 205ನೆಯ ಪುಟವನ್ನು ತೆರೆಯಿರಿ. ವುಲ್ಫ್‌ಷೈಮ್‌ನ ಕಚೇರಿಯಲ್ಲಿರುವ ಹೆಂಗಸು ನಿಕ್‌ನನ್ನು ಗದರಿಸುವ ಮಾತು ಅಲ್ಲಿದೆ. ಒಂಬತ್ತು ಮತ್ತು ಹತ್ತನೆಯ ಸಾಲುಗಳಲ್ಲಿ 'ಸಿಕ್ ಇನ್ ಟೈರ್ಡ್' ಎಂದು ಮೂರು ಬಿಡಿ ಪದಗಳಿದ್ದರೆ ಅದು ಮೊದಲ ಮುದ್ರಣ. ಅವಳ ಉಚ್ಚಾರಕ್ಕೆ ತಕ್ಕಂತೆ 'ಸಿಕಂಟೈರ್ಡ್' ಎಂದು ಒಂದೇ ಪದವಾಗಿ ಬೆಸೆದಿದ್ದರೆ ಎರಡನೆಯದು. ಬಳಿಕ 60ನೆಯ ಪುಟದ ಹದಿನಾರನೆಯ ಸಾಲನ್ನು ನೋಡಿ: ಮೊದಲ ಮುದ್ರಣದಲ್ಲಿ 'ಚ್ಯಾಟರ್' ಎಂದಿದ್ದ ಪದ ಮುಂದೆ 'ಎಕೊಲೇಲಿಯಾ' ಆಯಿತು. 119ರಲ್ಲಿ 'ನಾರ್ದರ್ನ್' ಹೋಗಿ 'ಸದರ್ನ್' ಬಂತು. 211ರಲ್ಲಿ ಶಿಕಾಗೊದ ರೈಲುನಿಲ್ದಾಣವನ್ನು 'ಯೂನಿಯನ್ ಸ್ಟ್ರೀಟ್ ಸ್ಟೇಷನ್' ಎಂದು ತಪ್ಪಾಗಿ ಕರೆದಿದ್ದನ್ನು 'ಯೂನಿಯನ್ ಸ್ಟೇಷನ್' ಎಂದು ಸರಿಪಡಿಸಿದರು. ಒಂದೇ ಪುಟವನ್ನು ನೋಡಿ ನಿಲ್ಲಿಸದೆ ನಾಲ್ಕನ್ನೂ ನೋಡಿ.

ಉತ್ತರ 2

ಮೇಲಿನವರು ಹೇಳಿದ್ದಕ್ಕೆ ಒಂದು ಎಚ್ಚರಿಕೆಯನ್ನು ಸೇರಿಸುತ್ತೇನೆ. ಮೊದಲ ಮುದ್ರಣವನ್ನು ತಪ್ಪುಗಳ ಸಮೇತ ಯಥಾವತ್ತಾಗಿ ನಕಲು ಮಾಡಿದ ಪ್ರತಿಗಳೂ ಮಾರುಕಟ್ಟೆಯಲ್ಲಿವೆ. ಆದ್ದರಿಂದ ಪದಗಳ ಜೊತೆಗೆ ಕಾಗದದ ವಯಸ್ಸನ್ನೂ ಹೊಲಿಗೆಯನ್ನೂ ಪರೀಕ್ಷಿಸಬೇಕು. ಮೇಲುಹೊದಿಕೆ ಇದ್ದಿದ್ದರೆ ಬೆಲೆಯ ಮಾತೇ ಬೇರೆಯಾಗುತ್ತಿತ್ತು. ಫ್ರಾನ್ಸಿಸ್ ಕೂಗಾಟ್ ಬರೆದ ಆ ನೀಲಿ ಚಿತ್ರದ ಹೊದಿಕೆ ಪುಸ್ತಕಕ್ಕಿಂತ ತುಸು ಎತ್ತರವಾಗಿದ್ದುದರಿಂದ ಅಂಚುಗಳು ಬೇಗ ಹರಿಯುತ್ತಿದ್ದವು. ಅದರ ಹಿಂಬದಿಯ ಬರಹದಲ್ಲಿ ಜೇ ಗ್ಯಾಟ್ಸ್‌ಬಿಯ ಹೆಸರಿನ ಮೊದಲಕ್ಷರ ಸಣ್ಣ 'ಜೆ' ಆಗಿ ಅಚ್ಚಾಗಿ, ಅದನ್ನು ಶಾಯಿಯಲ್ಲಿ ದೊಡ್ಡದಾಗಿ ತಿದ್ದಿದ ಪ್ರತಿಗಳುಂಟು. ಸಂಗ್ರಾಹಕರು ಹುಡುಕುವುದು ಆ ಶಾಯಿಯ ಗುರುತನ್ನೇ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ರಾತ್ರಿ ಭೂತಗನ್ನಡಿ ಹಿಡಿದು ನಾಲ್ಕು ಪುಟಗಳನ್ನೂ ನೋಡಿದೆ. 205ರಲ್ಲಿ ಪದಗಳು ಬೆಸೆದುಕೊಂಡಿವೆ, 60ರಲ್ಲಿ 'ಎಕೊಲೇಲಿಯಾ' ಇದೆ, ಉಳಿದೆರಡೂ ತಿದ್ದಿದ ರೂಪದಲ್ಲಿಯೇ ಇವೆ. ಅಂದರೆ ನನ್ನದು ಆಗಸ್ಟ್‌ನ ಪ್ರತಿ. ಸ್ವಲ್ಪ ನಿರಾಸೆಯಾಯಿತು ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ಒಳರಟ್ಟಿನ ಮೇಲೆ ಯಾರೋ ಪೆನ್ಸಿಲ್ಲಿನಲ್ಲಿ ಹೆಸರು ಬರೆದು 1926 ಎಂದು ಹಾಕಿದ್ದಾರೆ. ಅದನ್ನು ರಬ್ಬರಿನಿಂದ ಅಳಿಸಬಹುದೇ?

ಉತ್ತರ 1

ದಯವಿಟ್ಟು ಅಳಿಸಬೇಡಿ. ರಬ್ಬರು ಉಜ್ಜಿದರೆ ಕಾಗದದ ಮೇಲ್ಮೈ ಎದ್ದುಬಂದು ಹೆಸರಿಗಿಂತ ದೊಡ್ಡ ಕಲೆ ಉಳಿಯುತ್ತದೆ. ಮೊದಲ ಮುದ್ರಣಕ್ಕೆ ಸಿಗುವ ಬೆಲೆ ಇದಕ್ಕೆ ಸಿಗದು, ನಿಜ. ಆದರೆ ಆ 3,000 ಪ್ರತಿಗಳಲ್ಲಿ ಕೆಲವು 1940ರಲ್ಲಿ ಫಿಟ್ಸ್‌ಜೆರಾಲ್ಡ್ ತೀರಿಕೊಂಡಾಗಲೂ ಮಾರಾಟವಾಗದೆ ಪ್ರಕಾಶಕರ ಉಗ್ರಾಣದಲ್ಲಿಯೇ ಉಳಿದಿದ್ದವು. ನಿಮ್ಮ ಪ್ರತಿಯನ್ನು 1926ರ ಹೊತ್ತಿಗೇ ಯಾರೋ ಮನೆಗೆ ತಂದು ಹೆಸರು ಬರೆದುಕೊಂಡಿದ್ದರು ಎಂಬುದಕ್ಕೆ ಇರುವ ಸಾಕ್ಷಿ ಆ ಪೆನ್ಸಿಲ್ ಗುರುತೊಂದೇ.